ಪೇಯ್ಡ್ ಅಂದ್ರೆ ಯಾರು ಯಾರಿಗೆ ಕೊಡೋದು?

ಸಿನಿಮಾ ವಿಮರ್ಶೆ ಬರೆಯೋರು ಊರಿಗೊಬ್ಬರು ಇದ್ದಾರೆ, ಪುಸ್ತಕ ವಿಮರ್ಶೆ ಬರೆಯೋರು ತಾಲ್ಲೂಕಿಗೊಬ್ಬರು ಸಿಗ್ತಾರೆ. ಕೆಲಸಕ್ಕೆ ಕರೆಯೋ ಜಾಹೀರಾತಿನ ವಿಮರ್ಶೆ ಬರೆದವರನ್ನ ಮಾತ್ರ ನಾನು ಕಂಡಿಲ್ಲ. ಅದನ್ನ ಓದೋದೇ ನನ್ನ ಹೊಟ್ಟೆಪಾಡು ಆಗಿರೋದ್ರಿಂದ ನಾನೇ ಬರೀತಿದ್ದೀನಿ. ಹಾಸನದಿಂದ ಗೊರೂರು ಕಡೆ ಬರೋ ದಾರೀಲಿ, ಶೆಟ್ಟಿಹಳ್ಳಿ ಹತ್ತಿರ, ನಂದೊಂದು ಬ್ರೌಸಿಂಗ್ ಅಂಗಡಿ ಇದೆ. ಪಹಣಿ, ಆಧಾರ್ ಪ್ರಿಂಟು, ಸ್ಕಾಲರ್‌ಶಿಪ್ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ ಇವೆಲ್ಲ ದಿನದ ವ್ಯಾಪಾರ. ಮೂರ್ನಾಲ್ಕು ವರ್ಷದಿಂದ ಇದಕ್ಕೆ ಇನ್ನೊಂದು ಸೇರಿಕೊಂಡಿದೆ, ಇಂಟರ್ನ್‌ಶಿಪ್ ಅರ್ಜಿ. ಬಿಇ, ಬಿಸಿಎ, ಡಿಪ್ಲೊಮಾ ಓದೋ ಮಕ್ಕಳೆಲ್ಲ ಅದಕ್ಕೇ ಬರ್ತಾರೆ.

ಇವುಗಳಲ್ಲಿ ಈಗೀಗ ಒಂದು ಒಳಪ್ರಕಾರ ಹುಟ್ಟಿಕೊಂಡಿದೆ. 'ಇನ್‌ಕ್ಲೂಸಿವ್ ಪೇಯ್ಡ್ ಇಂಟರ್ನ್‌ಶಿಪ್' ಅಂತ ತಲೆಬರಹ. ಗಾಲಿಕುರ್ಚಿಯಲ್ಲಿ ಕೂತ ಒಬ್ಬ ಚೆಂದದ ಹುಡುಗನ ಫೋಟೋ, ಅವನ ಸುತ್ತ ಲ್ಯಾಪ್‌ಟಾಪ್ ಹಿಡಿದು ನಗ್ತಾ ಇರೋ ಮೂವರು. ಮೊದಲ ಪ್ಯಾರಾದಲ್ಲಿ ಕಂಪನಿ ಒಂದು ಕುಟುಂಬ ಆಗಿರ್ತದೆ. ಎರಡನೇದ್ರಲ್ಲಿ ಜಗತ್ತು ಬದಲಾಗ್ತಿರ್ತದೆ. ಕೊನೆಗೆಲ್ಲೋ ಒಂದು ಸಾಲು: ವಿಕಲಚೇತನ ವಿದ್ಯಾರ್ಥಿಗಳು ಹಾಗೂ ಪದವೀಧರರು ಅರ್ಜಿ ಸಲ್ಲಿಸಲು ಪ್ರೋತ್ಸಾಹಿಸಲಾಗುತ್ತದೆ. ಇಂಗ್ಲಿಷಿನಲ್ಲೂ ಹೀಗೇ ಇರ್ತದೆ, ಕನ್ನಡಕ್ಕೆ ತಂದಾಗ ಇನ್ನೂ ಬಿಗಿಯಾಗ್ತದೆ.

ಆ ಕ್ರಿಯಾಪದ ಸ್ವಲ್ಪ ನೋಡಿ. 'ಪ್ರೋತ್ಸಾಹಿಸಲಾಗುತ್ತದೆ.' ಯಾರು ಪ್ರೋತ್ಸಾಹಿಸ್ತಾರೆ? ಹೇಗೆ? ಕರ್ತೃವೇ ಇಲ್ಲದ ವಾಕ್ಯ ಅದು. ಅದೇ ಜಾಹೀರಾತಿನ ಬೇರೆ ಸಾಲುಗಳಲ್ಲಿ ಕರ್ತೃ ಇದ್ದಾನೆ: ನಾವು ಆಯ್ಕೆ ಮಾಡ್ತೀವಿ, ನಮ್ಮ ತೀರ್ಮಾನವೇ ಅಂತಿಮ, ನೀವು ಲ್ಯಾಪ್‌ಟಾಪ್ ತರಬೇಕು, ನೀವು ಆಫೀಸಿಗೆ ಬರಬೇಕು. ಎಲ್ಲಿ ಕಂಪನಿ ಒಂದು ಜವಾಬ್ದಾರಿ ಹೊರಬೇಕೋ ಅಲ್ಲಿ ಮಾತ್ರ 'ನಾವು' ಮಾಯ ಆಗಿಬಿಡ್ತದೆ.

ಬ್ರೈನಲ್ಲಿ ಮಾತು ಕಟ್ಟಿ ತೋರಿಸೋ ವಿಮರ್ಶೆ ನಂಗೆ ಬರೋದಿಲ್ಲ. ಅಂಗಡೀಲಿ ಕಂಡದ್ದು ಹೇಳ್ತೀನಿ.

ಪಕ್ಕದ ಹಳ್ಳಿಯ ಒಬ್ಬ ಹುಡುಗಿ, ಬಿಸಿಎ ಮುಗಿಸಿದ್ದಾಳೆ, ಕಣ್ಣು ಕಾಣೋದಿಲ್ಲ. ಕಂಪ್ಯೂಟರನ್ನ ಎನ್‌ವಿಡಿಎ ಅನ್ನೋ ತಂತ್ರಾಂಶದಿಂದ ಕೇಳಿಸಿಕೊಂಡು ಬಳಸ್ತಾಳೆ. ಪರದೆ ಮೇಲೆ ಇರೋದನ್ನೆಲ್ಲ ಓದಿ ಹೇಳೋ ತಂತ್ರಾಂಶ ಅದು. ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಅನ್ನೋ ಇಬ್ಬರು, ಇಬ್ಬರಿಗೂ ಕಣ್ಣು ಕಾಣೋದಿಲ್ಲ, 2006ರಲ್ಲಿ ಶುರು ಮಾಡಿದ್ದು. ಪೂರ್ತಿ ಉಚಿತ. ಕನ್ನಡವನ್ನೂ ಓದ್ತದೆ, ಸ್ವಲ್ಪ ಮೂಗಲ್ಲಿ ಮಾತಾಡಿದ ಹಾಗೆ. ಅವಳ ಬೆರಳಿನ ವೇಗ ನೋಡಿದ್ರೆ ನಾನು ಮೌಸು ಹಿಡಿದು ಮಾಡೋ ಕೆಲಸ ನಂಗೇ ನಾಚಿಕೆ ಅನ್ನಿಸ್ತದೆ. ಅಂಥ ಹುಡುಗಿ ಒಂದು 'ಇನ್‌ಕ್ಲೂಸಿವ್' ಅರ್ಜಿ ತುಂಬೋಕೆ ಅಂತ ನನ್ನ ಅಂಗಡಿಗೆ ಬಂದಳು. ಮನೇಲಿ ಎರಡು ದಿನ ಕೂತು ಆಗಿರಲಿಲ್ಲ.

"ಅಣ್ಣಾ, ಇದೇನೂ ಹೇಳ್ತಾ ಇಲ್ಲ. ಬಟನ್, ಬಟನ್, ಗ್ರಾಫಿಕ್, ಬಟನ್ ಅಂತದೆ ಅಷ್ಟೇ. ಯಾವ ಬಟನ್ನು ಅಂತ ನೀವೇ ನೋಡಿ ಹೇಳಿ."

ನೋಡಿದೆ. ಬಟನ್ ಮೇಲೆ ಚಿತ್ರ ಇತ್ತು, ಹೆಸರು ಕೊಟ್ಟಿರಲಿಲ್ಲ. ಹುಟ್ಟಿದ ದಿನಾಂಕಕ್ಕೆ ಕ್ಯಾಲೆಂಡರ್ ಬಿಚ್ಚಿಕೊಳ್ತಿತ್ತು, ಕೀಬೋರ್ಡಿಗೆ ಬಗ್ತಾ ಇರಲಿಲ್ಲ. ಎಲ್ಲಾ ದಾಟಿ ಕೊನೆಗೆ ಬಂದ್ರೆ ಒಂಬತ್ತು ಚೌಕ, 'ಟ್ರಾಫಿಕ್ ಲೈಟ್ ಇರೋ ಚಿತ್ರಗಳನ್ನ ಆರಿಸಿ'. ನೀನು ಮನುಷ್ಯಳು ಅಂತ ಸಾಬೀತು ಮಾಡು ಅಂತ ಕೇಳೋ ಜಾಗ ಅದು. ಆರಿಸಿದ್ದು ನಾನು. ಹಾಗಾದ್ರೆ ಆ ಅರ್ಜಿ ಹಾಕಿದ ಮನುಷ್ಯ ಯಾರು, ಅವಳೋ ನಾನೋ?

ಇಂಥದ್ದನ್ನ ಸಣ್ಣ ತಾಂತ್ರಿಕ ದೋಷ ಅಂತ ತಳ್ಳಿಹಾಕೋ ಕಾಲ ಈಗ ಇಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಬ್ಯಾಂಕು, ಸಿಮ್ಮಿಗೆಲ್ಲ ಕೆವೈಸಿ ಮಾಡುವಾಗ ಕಣ್ಣು ಮಿಟುಕಿಸಿ ಅಂತ ಕೇಳ್ತಾರಲ್ಲ, ಆಸಿಡ್ ದಾಳಿಗೆ ಸಿಕ್ಕಿ ಕಣ್ಣು ಕಳೆದುಕೊಂಡವರು ಹೇಗೆ ಮಿಟುಕಿಸಬೇಕು ಅನ್ನೋ ಪ್ರಶ್ನೆಯಿಂದ ಹುಟ್ಟಿದ ಕೇಸು. ಡಿಜಿಟಲ್ ಸೇವೆ ಎಲ್ಲರ ಕೈಗೂ ಎಟುಕಬೇಕಾದ್ದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೇ ಸೇರಿದ್ದು ಅಂತ ಕೋರ್ಟು ಹೇಳಿತು. ಅದಕ್ಕೂ ಮೊದಲು, 2024ರ ನವೆಂಬರಿನಲ್ಲಿ, ರಾಜೀವ್ ರತೂರಿ ಪ್ರಕರಣದಲ್ಲಿ, ಈ ಸುಗಮತೆಯ ಮಾನದಂಡಗಳನ್ನ ಬರೀ ಶಿಫಾರಸು ಅಂತ ಬಿಟ್ಟರೆ ಆಗೋದಿಲ್ಲ, ಕಡ್ಡಾಯದ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತ್ತು.

ಖಾಸಗಿ ಕಂಪನಿಯನ್ನಷ್ಟೇ ಬೈದರೆ ಅನ್ಯಾಯ ಆಗ್ತದೆ. ನಮ್ಮ ಸರ್ಕಾರಿ ಕಚೇರಿಗಳ ಸುತ್ತೋಲೆ ಇನ್ನೂ ಎಷ್ಟೋ ಕಡೆ ಹಳೇ ನುಡಿ ಫಾಂಟಿನಲ್ಲೇ ಬರ್ತದೆ. ಕಣ್ಣಿಗೆ ಅದು ಕನ್ನಡ. ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎನ್‌ವಿಡಿಎ ಅದನ್ನ ಓದಿದ್ರೆ ದೆವ್ವ ಹಿಡಿದವರು ಬಡಬಡಿಸಿದ ಹಾಗೆ ಕೇಳ್ತದೆ. ಇನ್ನು ಕೆಲವು ಸುತ್ತೋಲೆ ಕಾಗದಕ್ಕೆ ಸಹಿ ಹಾಕಿ, ಸೀಲು ಒತ್ತಿ, ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್. ಯೂನಿಕೋಡ್ ಬಳಸಿ ಅಂತ ಸರ್ಕಾರವೇ ಹೇಳಿ ಹತ್ತು ವರ್ಷದ ಮೇಲಾಯ್ತು. ಇಲಾಖೆಗೆ 'ವಿಕಲಚೇತನರ ಸಬಲೀಕರಣ' ಅಂತ ಹೆಸರು ಬಂತು, ಅಂಗವಿಕಲ ಹೋಗಿ ವಿಕಲಚೇತನ ಆಯ್ತು, ಈಗ ವಿಶೇಷಚೇತನ ಅಂತಿದ್ದಾರೆ. ಫಾಂಟು ಮಾತ್ರ ಅದೇ.

ಇನ್ನೊಬ್ಬ ಹುಡುಗ. ಹಾಸನದಲ್ಲೇ ಇಂಜಿನಿಯರಿಂಗ್ ಓದ್ತಾನೆ. ಹುಟ್ಟಿದಾಗಿಂದ ಸೆರೆಬ್ರಲ್ ಪಾಲ್ಸಿ, ಕೈ ಬೆರಳು ಹೇಳಿದ ಮಾತು ಬೇಗ ಕೇಳೋದಿಲ್ಲ. ತಲೆ ನೋಡಿದ್ರೆ ಕತ್ತರಿ. ಅವನ ಮುಂದೆ ಇರೋ ಗೋಡೆ ಆನ್‌ಲೈನ್ ಕೋಡಿಂಗ್ ಪರೀಕ್ಷೆ. ಒಂದು ಗಂಟೆ, ಮೂರು ಪ್ರಶ್ನೆ, ಮೂಲೇಲಿ ಓಡೋ ಗಡಿಯಾರ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಇಂಥ ವಿದ್ಯಾರ್ಥಿಗೆ ಲಿಖಿತ ಪರೀಕ್ಷೇಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಸಿಗಬೇಕು. ಕಾಲೇಜಿನ ಪರೀಕ್ಷೇಲಿ ಅವನಿಗೆ ಸಿಗ್ತದೆ. ಕಂಪನಿಯ ಪರೀಕ್ಷೇಲಿ ಕೇಳೋದಾದ್ರೂ ಯಾರನ್ನ? ಮೇಲ್ ಬಂದ ವಿಳಾಸವೇ 'ಇದಕ್ಕೆ ಉತ್ತರಿಸಬೇಡಿ' ಅಂತ. ಒಂದ್ಸಲ ಕ್ಯಾಮೆರಾ ಇಟ್ಟು ಕಾವಲು ಕಾಯೋ ತಂತ್ರಾಂಶ ಅವನ ತಲೆ ಅಲ್ಲಾಡಿದ್ದನ್ನ ನೋಡಿ ನಕಲು ಮಾಡ್ತಿದ್ದಾನೆ ಅಂತ ಎಚ್ಚರಿಕೆ ಕೊಟ್ಟಿತು. ಅವನು ನಕ್ಕ. ಪಕ್ಕದಲ್ಲಿ ಕೂತಿದ್ದ ಅವರಮ್ಮನಿಗೆ ನಗು ಬರಲಿಲ್ಲ.

ಈಗ 'ಪೇಯ್ಡ್' ಅನ್ನೋ ಪದಕ್ಕೆ ಬರ್ತೀನಿ. ನನ್ನ ತಕರಾರಿನ ಮುಕ್ಕಾಲು ಪಾಲು ಇಲ್ಲೇ ಇರೋದು.

ವಿಟಿಯುನವರು 2022ರ ಸ್ಕೀಮಿನಲ್ಲಿ ಕೊನೇ ವರ್ಷದ ಬಿಇ ಮಕ್ಕಳಿಗೆ 14ರಿಂದ 20 ವಾರದ ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ್ರು. ಉದ್ದೇಶ ಒಳ್ಳೇದೇ. ಆದ್ರೆ ಕಡ್ಡಾಯ ಅಂದ ಕೂಡ್ಲೇ ಸಂತೆ ಹುಟ್ಕೊಳ್ತದೆ. ಎರಡು ಸಾವಿರ, ಐದು ಸಾವಿರ ಕಟ್ಟಿದ್ರೆ ಸರ್ಟಿಫಿಕೇಟು ಕೊಡೋ ಅಂಗಡಿಗಳು ಎದ್ದವು. ಅಂಥವರ ಪೋಸ್ಟರಿನಲ್ಲೂ 'ಪೇಯ್ಡ್ ಇಂಟರ್ನ್‌ಶಿಪ್' ಅಂತಲೇ ಇರ್ತದೆ. ಒಬ್ಬ ತಂದೆ ಬಂದು, "ಪೇಯ್ಡು ಅಂತ ಐತಲ್ಲ ಸಾ, ಎಷ್ಟು ಕೊಡ್ತಾರೆ?" ಅಂದ್ರು. ಅವರು ಕೊಡೋದಲ್ಲ ಯಜಮಾನ್ರೇ, ನೀವು ಕೊಡೋದು ಅಂತ ನಾನೇ ಬಿಡಿಸಿ ಹೇಳಬೇಕಾಯ್ತು.

ಅಪ್ರೆಂಟಿಸ್ ಅನ್ನೋ ಹಳೇ ಪದಕ್ಕೆ ಕಾನೂನಿದೆ, 1961ರ ಅಪ್ರೆಂಟಿಸ್ ಕಾಯ್ದೆ. 30 ಅಥವಾ ಹೆಚ್ಚು ಜನ ಕೆಲಸ ಮಾಡೋ ಜಾಗದಲ್ಲಿ ಅಪ್ರೆಂಟಿಸ್‌ಗಳನ್ನ ತಗೊಳ್ಳಲೇಬೇಕು, ಸ್ಟೈಪೆಂಡ್ ಕೊಡಲೇಬೇಕು. 2019ರ ತಿದ್ದುಪಡಿ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ ₹9,000 ಅಂತ ಮಾಡಿದ್ರು. ಇಂಟರ್ನ್ ಅನ್ನೋ ಹೊಸ ಪದಕ್ಕೆ ಇಂಥ ಕಾನೂನು ಇಲ್ಲ. ಕೆಲಸ ಒಂದೇ, ಕುರ್ಚಿ ಒಂದೇ, ಹೆಸರು ಬದಲಾದ್ರೆ ಹಕ್ಕು ಕರಗಿಹೋಗ್ತದೆ. ನಮ್ಮ ಸಾಫ್ಟ್‌ವೇರಿನವರಿಗೆ ಇಂಟರ್ನ್ ಅನ್ನೋ ಪದ ಯಾಕೆ ಅಷ್ಟು ಪ್ರೀತಿ ಅಂತ ನನಗಂತೂ ಅನುಮಾನ ಉಳಿದಿಲ್ಲ.

ಕೇಂದ್ರ ಸರ್ಕಾರ 2024ರಲ್ಲಿ ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಂದಿತು. ದೇಶದ ದೊಡ್ಡ 500 ಕಂಪನಿಗಳಲ್ಲಿ, ಐದು ವರ್ಷದಲ್ಲಿ ಒಂದು ಕೋಟಿ ಯುವಕರಿಗೆ, 12 ತಿಂಗಳು. ಆಗ ತಿಂಗಳಿಗೆ ₹5,000 ಅಂತ ಇಟ್ಟಿದ್ರು. ಅದರಲ್ಲಿ ₹4,500 ಸರ್ಕಾರದ್ದು, ₹500 ಕಂಪನಿಯದ್ದು. ಶುರುವಿಗೆ ಒಂದ್ಸಲ ₹6,000. ಶುರುವಾದಾಗ ವಯಸ್ಸು 21ರಿಂದ 24 ಅಂತ ಇಟ್ಟಿದ್ರು. ಈ ಕಿಂಡಿ ಎಷ್ಟು ಸಣ್ಣದು ಅಂತ ಆ ಸಿಪಿ ಹುಡುಗನ ಮನೆಯವರನ್ನ ಕೇಳಬೇಕು. ಅಂಥ ಮಗು ಶಾಲೆಗೆ ಸೇರೋದೇ ಎರಡು ವರ್ಷ ತಡ, ನಡುವೆ ಆಪರೇಷನ್ನು, ಫಿಸಿಯೋಥೆರಪಿ ಅಂತ ಒಂದು ವರ್ಷ ಹೋಗ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನ ತಿಳಿದೇ ಉನ್ನತ ಶಿಕ್ಷಣದಲ್ಲಿ ಐದು ವರ್ಷ ವಯೋಮಿತಿ ಸಡಿಲ ಮಾಡಿದೆ. ಓದೋಕೆ ಸಡಿಲ ಮಾಡಿ, ಓದಿದ್ದನ್ನ ಬಳಸೋ ಬಾಗಿಲಲ್ಲಿ ಬಿಗಿ ಮಾಡಿದ್ರೆ?

ಐದು ಸಾವಿರದ ಲೆಕ್ಕ ಹಾಕೋಣ. ಹಾಸನದ ಹುಡುಗ ಬೆಂಗಳೂರಿಗೆ ಹೋಗಬೇಕು. ಪಿಜಿಗೆ ಊಟ ಸೇರಿ ಏಳೆಂಟು ಸಾವಿರ ಅಂತ ಮಕ್ಕಳು ಹೇಳ್ತಾರೆ. ಅದೂ ಮೂರನೇ ಮಹಡಿ, ಲಿಫ್ಟ್ ಇಲ್ಲ. ಲಿಫ್ಟ್ ಇರೋದು, ನೆಲಮಹಡೀಲಿ ಇರೋದು ಬೇಕು ಅಂದ್ರೆ ಇನ್ನೂ ಮೇಲೆ. ಬೇರೆ ಮಕ್ಕಳು ಬಿಎಂಟಿಸಿ ಹತ್ತಿಕೊಂಡು ಹೋಗ್ತಾರೆ, ಇವನು ಆಟೋ ಹಿಡೀಬೇಕು. ಮೆಟ್ರೋದಲ್ಲಿ ಲಿಫ್ಟ್ ಇದೆ, ಮೆಟ್ರೋ ತನಕ ಹೋಗೋ ಫುಟ್‌ಪಾತಿನಲ್ಲಿ ಗುಂಡಿ ಇದೆ. ಕೆಎಸ್‌ಆರ್‌ಟಿಸಿ ಅಂಗವಿಕಲರಿಗೆ ವರ್ಷಕ್ಕೆ ₹660ರ ರಿಯಾಯಿತಿ ಪಾಸು ಕೊಡ್ತದೆ, ನಿಜವಾಗ್ಲೂ ಉಪಕಾರ. ಆದ್ರೆ ಅದು ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ ಮಾತ್ರ. ಹಾಸನದಿಂದ ಬೆಂಗಳೂರು 180ರ ಮೇಲೆ. ಪಾಸು ಮುಗಿದ ಮೇಲೂ 80 ಕಿಲೋಮೀಟರ್ ಉಳೀತದೆ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ರೈಲು ಬಂದಿದ್ದು ಪುಣ್ಯ, ಅಂಗವಿಕಲರ ರಿಯಾಯಿತಿಯೂ ಸಿಗ್ತದೆ. ಶೆಟ್ಟಿಹಳ್ಳಿಯಿಂದ ಹಾಸನ ಸ್ಟೇಷನ್ನಿಗೆ ಬೆಳಗ್ಗೆ ಹೊತ್ತಿಗೆ ಹೇಗೆ ಹೋಗೋದು ಅನ್ನೋದು ಮಾತ್ರ ರೈಲ್ವೆಯವರ ತಲೆನೋವಲ್ಲ.

ಒಟ್ಟಿನಲ್ಲಿ ಎಲ್ಲರಿಗೂ ಒಂದೇ ಸ್ಟೈಪೆಂಡ್ ಅಂದ್ರೆ ಸಮಾನತೆ ಅಂತ ಕಾಣ್ತದೆ, ಆದ್ರೆ ಅದೇ ಕೆಲಸಕ್ಕೆ ಹೋಗಿಬರೋಕೆ ಇವನ ಕೈಯಿಂದ ಹೆಚ್ಚಿಗೆ ಬೀಳ್ತದೆ. ಬ್ರಿಟನ್ನಿನಲ್ಲಿ 1994ರಿಂದ 'ಆಕ್ಸೆಸ್ ಟು ವರ್ಕ್' ಅಂತ ಒಂದು ಯೋಜನೆ ಇದೆ. ಬಸ್ಸಿಗೆ ಹೋಗಲಾಗದವರಿಗೆ ಟ್ಯಾಕ್ಸಿ ಖರ್ಚು, ಬೇಕಾದ ಉಪಕರಣ, ಸಹಾಯಕರು ಇವುಗಳ ವೆಚ್ಚಕ್ಕೆ ಸರ್ಕಾರ ನೆರವು ಕೊಡ್ತದೆ. ಸಂಬಳ ಕಂಪನಿಯದು. ಇದರ ಬಗ್ಗೆ ಅಲ್ಲೂ ದೂರುಗಳಿವೆ, ತಡ ಆಗ್ತದೆ ಅಂತೆಲ್ಲ. ಆದ್ರೂ ಸಂಬಳ ಬೇರೆ, ಅನುಕೂಲದ ಖರ್ಚು ಬೇರೆ ಅಂತ ಎರಡು ಡಬ್ಬಿ ಇಟ್ಟಿದ್ದಾರಲ್ಲ, ಅದು ನಮ್ಮಲ್ಲಿ ಇನ್ನೂ ಯಾರಿಗೂ ಹೊಳೆದಿಲ್ಲ.

ನಮ್ಮ ಕಡೆಯವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಹೇಮಾವತಿಗೆ 1979ರಲ್ಲಿ ಗೊರೂರಿನಲ್ಲಿ ಅಣೆಕಟ್ಟು ಆದಾಗ ಊರೂರೇ ನೀರಿನ ಕೆಳಗೆ ಹೋಯ್ತು. ಶೆಟ್ಟಿಹಳ್ಳಿಯ ರೋಸರಿ ಚರ್ಚು, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೇಲಿ ಮೇಲೇಳ್ತದೆ. ಭಾನುವಾರ ಬೆಂಗಳೂರಿನಿಂದ ಕಾರಲ್ಲಿ ಬಂದು ಫೋಟೋ ತೆಗೀತಾರಲ್ಲ, ಅದೇ. ಮುಳುಗಡೆ ಆದವರಿಗೆ ಪರಿಹಾರ ಕೊಟ್ರು, ಯೋಜನಾ ನಿರಾಶ್ರಿತರು ಅಂತ ಸರ್ಕಾರಿ ಕೆಲಸದಲ್ಲಿ ಮೀಸಲಾತಿನೂ ಇದೆ. ಪರಿಹಾರದ ದುಡ್ಡು ಕೈಗೆ ಬಂದ ಮೇಲೂ ಹೊಸ ಊರಿಗೆ ದಾರಿ ಇರಲಿಲ್ಲ ಅಂದ್ರೆ ಏನಾಗ್ತದೆ ಅಂತ ಹಿರಿಯರನ್ನ ಕೇಳಿ. ಅಂದ ಹಾಗೆ ಆ ಫೋಟೋ ತೆಗೆಯೋರಲ್ಲಿ ಅರ್ಧ ಜನ ಸಾಫ್ಟ್‌ವೇರಿನವರು. ಇಂಟರ್ನ್‌ಶಿಪ್ ಸಿಗೋದು ಹೆಚ್ಚಾಗಿ ಒಳಗಿರೋರ ಪರಿಚಯದಿಂದ, 'ರೆಫರಲ್' ಅಂತಾರೆ. ಬೆಂಗಳೂರಿನ ಕಾಲೇಜಿನ ಮಕ್ಕಳಿಗೆ ಸೀನಿಯರ್ ಇರ್ತಾರೆ, ಚಿಕ್ಕಪ್ಪ ಇರ್ತಾನೆ. ನಮ್ಮ ಮಕ್ಕಳಿಗೆ ಚರ್ಚಿನ ಹತ್ತಿರ ಕಬ್ಬಿನ ಹಾಲು ಮಾರೋರ ಪರಿಚಯ ಇದೆ.

ಮನೆಯಿಂದಲೇ ಕೆಲಸ ಕೊಟ್ಟರೆ ಆಯ್ತಲ್ಲ ಅಂತ ತುಂಬ ಜನ ಹೇಳ್ತಾರೆ. ಕೊಟ್ಟರೆ ಒಳ್ಳೇದೇ, ಕೆಲವರಿಗೆ ಅದೊಂದೇ ದಾರಿ. ಆದ್ರೆ ನಾನು ನೋಡಿದ ಮಟ್ಟಿಗೆ ಹಾಗೆ ಕೊಡೋ ಕೆಲಸ ಚಿತ್ರಕ್ಕೆ ಹೆಸರು ಹಚ್ಚೋದು, ಎಕ್ಸೆಲ್ ತುಂಬೋದು. ಪ್ರೋಗ್ರಾಮಿಂಗ್ ಕಲಿತವರಿಗೂ ಅದೇ. ಜೊತೆಗೆ ಕೂತು ಕಲಿಸೋರಿಲ್ಲ, ಊಟದ ಹೊತ್ತಲ್ಲಿ ಕಿವಿಗೆ ಬೀಳೋ ಮಾತಿಲ್ಲ. ಮನೆಯಲ್ಲೇ ಇರಿ ಅನ್ನೋದು ಅನುಕೂಲವೋ, ನಮ್ಮ ಆಫೀಸಿಗೆ ರ್‍ಯಾಂಪು ಕಟ್ಟೋದು ತಪ್ಪಿತು ಅನ್ನೋ ನೆಮ್ಮದಿಯೋ, ಕೇಸಿಗೊಂದು ಥರ ನೋಡಬೇಕು. ಆರಿಸಿಕೊಳ್ಳೋದು ಆ ಹುಡುಗಿಯ ಕೈಲಿದ್ರೆ ಅದು ಅನುಕೂಲ.

ಎಲ್ಲಾ ಹೀಗೇ ಅಂತ ಹೇಳಿದ್ರೆ ಸುಳ್ಳಾಗ್ತದೆ. ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆಯನ್ನ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ದಂಪತಿ 1999ರಲ್ಲಿ ಶುರು ಮಾಡಿದ್ರು. ಶಾಂತಿಯವರ ತಮ್ಮನಿಗೆ ದೃಷ್ಟಿ ಹೋಗಿ, ಅವರಿಗೆ ಕಲಿಸಿ ದಾರಿ ಹುಡುಕಿದ ಅನುಭವದಿಂದ ಹುಟ್ಟಿದ್ದು. ಇವರ ಕ್ರಮ ನಂಗೆ ಇಷ್ಟ ಆಗೋದು ಯಾಕಂದ್ರೆ ಅಭ್ಯರ್ಥಿಯನ್ನಷ್ಟೇ ತಯಾರು ಮಾಡೋದಲ್ಲ, ಕೆಲಸವನ್ನೂ ಬಿಚ್ಚಿ ನೋಡ್ತಾರೆ. ಈ ಹುದ್ದೇಲಿ ದಿನಾ ಏನೇನು ಮಾಡ್ಬೇಕು, ಅದರಲ್ಲಿ ಯಾವುದು ಕಣ್ಣಿಲ್ಲದೆ ಆಗ್ತದೆ, ಯಾವುದಕ್ಕೆ ಯಾವ ತಂತ್ರಾಂಶ ಬೇಕು ಅಂತ ಕಂಪನಿ ಜೊತೆ ಕೂತು ಹುಡುಕೋದು. ಜಾಹೀರಾತಿನಲ್ಲಿ ಕಾಣೆಯಾಗಿರೋ ಕರ್ತೃವನ್ನ ಹಿಡಿದು ತಂದು ಕೂರಿಸೋ ಕೆಲಸ ಇದು. ಅಮೆರಿಕದಲ್ಲಿ ವಿಜ್ಞಾನಿಗಳ ದೊಡ್ಡ ಸಂಘ ಎಎಎಎಸ್ 1996ರಲ್ಲೇ 'ಎಂಟ್ರಿ ಪಾಯಿಂಟ್' ಅಂತ ಶುರು ಮಾಡಿತ್ತು. ಅಂಗವಿಕಲ ವಿಜ್ಞಾನ, ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನ ನಾಸಾ, ಐಬಿಎಂನಂಥ ಕಡೆ ಸಂಬಳದ ಇಂಟರ್ನ್‌ಶಿಪ್ಪಿಗೆ ಕಳಿಸೋ ಕಾರ್ಯಕ್ರಮ. ಅಂದ್ರೆ ಇದೇನು ನಿನ್ನೆ ಮೊನ್ನೆ ಹುಟ್ಟಿದ ಯೋಚನೆ ಅಲ್ಲ, ನಮ್ಮ ಜಾಹೀರಾತುಗಳು ಹೊಸದಾಗಿ ಕಂಡುಹಿಡಿದ ಹಾಗೆ ಆಡ್ತವೆ ಅಷ್ಟೇ.

ಬೆಂಗಳೂರಿನ ವಿದ್ಯಾ ವೈ. ಅವರ ಹೆಸರನ್ನ ಈ ವಿಷಯ ಬಂದಾಗೆಲ್ಲ ತೆಗೀತಾರೆ. ಹುಟ್ಟಿನಿಂದ ದೃಷ್ಟಿ ಇಲ್ಲದವರು, ಐಐಐಟಿ ಬೆಂಗಳೂರಿನ ಡಿಜಿಟಲ್ ಸೊಸೈಟಿ ಸ್ನಾತಕೋತ್ತರ ಪದವೀಲಿ ಚಿನ್ನದ ಪದಕ ತಗೊಂಡವರು. ಆಮೇಲೆ ವಿಷನ್ ಎಂಪವರ್ ಅನ್ನೋ ಸಂಸ್ಥೆ ಕಟ್ಟೋದ್ರಲ್ಲಿ ಒಬ್ಬರಾಗಿ, ಅಂಧ ಮಕ್ಕಳಿಗೆ ವಿಜ್ಞಾನ-ಗಣಿತ ಕಲಿಸೋ ಸಾಮಗ್ರಿ ಮಾಡ್ತಿದ್ದಾರೆ. ಅವರ ಬಗ್ಗೆ ಬರೋ ಲೇಖನಗಳೆಲ್ಲ ಸ್ಫೂರ್ತಿ, ಛಲ, ಸಾಧನೆ. ನಂಗೆ ಅವರ ಕಥೇಲಿ ಬೇರೆ ಪ್ರಶ್ನೆ ಕಾಣ್ತದೆ. ಕಣ್ಣಿಲ್ಲದ ಹುಡುಗಿ ಗಣಿತ ತಗೋಬೇಕು ಅಂದ್ರೆ ಚಿನ್ನದ ಪದಕದವಳೇ ಆಗಬೇಕಾ? ಕಣ್ಣಿರೋ ಮಕ್ಕಳು ಶೇಕಡಾ 62 ತಗೊಂಡು ಇಂಟರ್ನ್ ಆಗ್ತಾರಲ್ಲ. ಶೇಕಡಾ 62ರ ಅಂಧ ಹುಡುಗಿಗೂ ಜಾಗ ಇದ್ದಾಗ ತಾನೇ ಅದನ್ನ ಒಳಗೊಳ್ಳೋದು ಅನ್ನಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ 13.24 ಲಕ್ಷ ಅಂಗವಿಕಲರು ಇದ್ರು. ಅವರೆಲ್ಲ ಪತ್ರಿಕೆಯ ಸ್ಫೂರ್ತಿ ಅಂಕಣಕ್ಕೆ ಅರ್ಜಿ ಹಾಕ್ತಾ ಇಲ್ಲ.

ಸಣ್ಣ ಕಂಪನಿಗೆ ಇದೆಲ್ಲ ಎಲ್ಲಿ ಸಾಧ್ಯ ಅಂತ ನನ್ನ ಅಂಗಡಿಗೆ ಬರೋ ಒಬ್ಬ ಸ್ಟಾರ್ಟಪ್ ಹುಡುಗನೇ ಕೇಳಿದ. ಹತ್ತು ಜನ ಇದ್ದೀವಿ, ಲಿಫ್ಟ್ ಎಲ್ಲಿಂದ ತರೋಣ ಅಂದ. ಅವನ ಮಾತು ತೆಗೆದುಹಾಕೋ ಹಾಗಿಲ್ಲ. ಬಾಡಿಗೆ ಕಟ್ಟಡಕ್ಕೆ ಅವನು ಲಿಫ್ಟ್ ಹಾಕಿಸೋಕೆ ಆಗೋದಿಲ್ಲ. ಆದ್ರೆ ಬಟನ್ನಿಗೆ ಹೆಸರು ಕೊಡೋಕೆ ದುಡ್ಡು ಬೇಕಿಲ್ಲ, ಅವನು ಸಾಫ್ಟ್‌ವೇರಿನವನೇ. ಎನ್‌ವಿಡಿಎ ಉಚಿತ. ಪರೀಕ್ಷೇಲಿ 20 ನಿಮಿಷ ಹೆಚ್ಚಿಗೆ ಕೊಟ್ಟರೆ ಕರೆಂಟು ಬಿಲ್ಲೂ ಏರೋದಿಲ್ಲ. ಅವನಂಥವರಿಗೆ ಸರ್ಕಾರ ನೆರವಾಗಬೇಕು ಅನ್ನೋದನ್ನೂ ಒಪ್ತೀನಿ. ಕಾಯ್ದೆಯ 35ನೇ ಕಲಂ ಖಾಸಗಿಯವರ ಸಿಬ್ಬಂದಿಯಲ್ಲಿ ಶೇಕಡಾ 5ರಷ್ಟು ಅಂಗವಿಕಲರು ಇರೋ ಹಾಗೆ ಪ್ರೋತ್ಸಾಹಧನ ಕೊಡಿ ಅಂತ ಸರ್ಕಾರಕ್ಕೆ ಹೇಳ್ತದೆ. ಅದರಲ್ಲೂ ಒಂದು ನುಣುಚು ಇದೆ, ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಅಂತ.

ದೊಡ್ಡ ಕಂಪನಿಗೆ ಮಾತ್ರ ಈ ವಿನಾಯಿತಿ ಕೊಡೋಕೆ ನಾನು ತಯಾರಿಲ್ಲ. ಅದೇ ಕಾಯ್ದೆಯ 21ನೇ ಕಲಂ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಅಂತ ಒಂದನ್ನ ಪ್ರಕಟಿಸಬೇಕು. 20 ಅಥವಾ ಹೆಚ್ಚು ಜನ ಕೆಲಸ ಮಾಡೋ ಖಾಸಗಿ ಸಂಸ್ಥೆ ಆದ್ರೆ ಆ ನೀತೀಲಿ ಏನೇನು ಇರಬೇಕು ಅಂತ 2017ರ ನಿಯಮ ಬಿಡಿಸಿ ಹೇಳಿದೆ: ಯಾವ ಹುದ್ದೆಗಳು, ಆಯ್ಕೆ ಹೇಗೆ, ಯಾವ ಸೌಲಭ್ಯ, ಯಾವ ಸಹಾಯಕ ಸಾಧನ, ಮತ್ತೆ ಒಬ್ಬ ಸಂಪರ್ಕಾಧಿಕಾರಿ. ವೆಬ್‌ಸೈಟಿನಲ್ಲಿ ಹಾಕಿದ್ರೆ ಒಳ್ಳೇದು, ಇಲ್ಲಾಂದ್ರೆ ಎಲ್ಲರಿಗೂ ಕಾಣೋ ಜಾಗದಲ್ಲಿ ಅಂಟಿಸಬೇಕು. ಕಾಯ್ದೆ ಮುರಿದ್ರೆ ಮೊದಲ ಸಲ ₹10,000ದವರೆಗೆ ದಂಡ. ಮತ್ತೆ ಮುರಿದ್ರೆ ₹50,000ದಿಂದ ₹5 ಲಕ್ಷದವರೆಗೆ.

ಈ ನಿಯಮ ಓದಿಕೊಂಡ ಮೇಲೆ ಒಂದು ಅಭ್ಯಾಸ ಮಾಡಿಕೊಂಡಿದ್ದೀನಿ. 'ಇನ್‌ಕ್ಲೂಸಿವ್' ಅಂತ ಜಾಹೀರಾತು ಬಂದ್ರೆ ಅರ್ಜಿ ತೆರೆಯೋಕೆ ಮೊದಲು ಆ ಕಂಪನಿಯ ಸಮಾನ ಅವಕಾಶ ನೀತಿ ಹುಡುಕ್ತೀನಿ. ಕೆಲವರದ್ದು ಸಿಗ್ತದೆ. ಸಿಕ್ಕವರಲ್ಲಿ ಸಂಪರ್ಕಾಧಿಕಾರಿಯ ಹೆಸರು, ಫೋನು ಕೊಟ್ಟಿರೋರು ಇನ್ನೂ ಕಮ್ಮಿ. ಕೊಟ್ಟಿದ್ರೆ ಅಲ್ಲೇ ಕೂತು ಮಕ್ಕಳ ಕೈಲಿ ಫೋನು ಮಾಡಿಸ್ತೀನಿ: ಪರೀಕ್ಷೆಗೆ ಹೆಚ್ಚಿನ ಸಮಯ ಉಂಟಾ, ಸ್ಟೈಪೆಂಡ್ ಎಷ್ಟು, ಯಾವ ತಾರೀಖಿಗೆ ಬರ್ತದೆ, ಆಫೀಸು ಯಾವ ಮಹಡಿ, ಕಲಿಸೋರು ಯಾರು. ಐದು ಪ್ರಶ್ನೆ, ಎರಡು ನಿಮಿಷದ ಕಾಲ್. ಒಂದು ಕಡೆಯಿಂದ ಮಾತ್ರ ಐದಕ್ಕೂ ಉತ್ತರ ಬಂತು, ಆಫೀಸು ನೆಲಮಹಡಿ, ಸ್ಟೈಪೆಂಡ್ ತಿಂಗಳ ಐದನೇ ತಾರೀಖು ಅಂತ. ಅವರ ಜಾಹೀರಾತಿನಲ್ಲಿ ಗಾಲಿಕುರ್ಚಿಯ ಫೋಟೋನೂ ಇರಲಿಲ್ಲ, ಆ 'ಪ್ರೋತ್ಸಾಹಿಸಲಾಗುತ್ತದೆ' ಸಾಲೂ ಇರಲಿಲ್ಲ.